ಬ್ಯಾಟರಿ ಹೊಸದು, ಆದ್ರೂ ಸೆಲ್ಫ್ ಬರೀ ‘ಟಕ್’ ಅಂತಿದೆ: ಅಜ್ಜನ ಅಂಬಾಸಿಡರಿಗೆ ಎಂತ ಆಗಿದೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ ಸಾರ್. ಅಜ್ಜ ಇಟ್ಕೊಂಡಿದ್ದ 1978ರ ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್ ಗಾಡಿ, ಈಗ್ಲೂ ಮನೇಲಿದೆ. ಹೋದ ಬೇಸಿಗೇಲಿ ಎಂಜಿನ್ ಇಳಿಸಿ ಪೂರ್ತಿ ಪೇಂಟ್ ಮಾಡಿಸಿದ್ವಿ. ಮಳೆಗಾಲ ಶುರುವಾದಾಗಿಂದ ಸೆಲ್ಫ್ ಕಾಟ. ಕೀ ತಿರುಗಿಸಿದ್ರೆ ಬರೀ ಟಕ್ ಅನ್ನುತ್ತೆ, ಎಂಜಿನ್ ತಿರುಗಲ್ಲ. ನಾಲ್ಕೈದು ಸಲ ಮಾಡಿದ್ರೆ ಒಮ್ಮೊಮ್ಮೆ ಎಳ್ಕೊಂಡು ಎಳ್ಕೊಂಡು ತಿರುಗುತ್ತೆ. ಇನ್ನು ಕೆಲವು ಸಲ ಸೊಂಯ್ ಅಂತ ಮೋಟಾರ್ ಮಾತ್ರ ತಿರುಗಿ ಎಂಜಿನ್ ಅಲ್ಲಾಡೋದೇ ಇಲ್ಲ. ಒಬ್ರು ಮೆಕ್ಯಾನಿಕ್ ಬ್ಯಾಟರಿ ಹೋಗಿದೆ ಅಂದ್ರು, ಹೊಸದು ಹಾಕಿದ್ವಿ. ಇನ್ನೊಬ್ರು ಸೆಲ್ಫ್ ಬಿಚ್ಚಿ ಗ್ರೀಸ್ ಹಾಕಿ ಕೊಟ್ರು. ಈಗ ಮೂರನೆಯವ್ರು ಸೆಲ್ಫ್ ಮೋಟಾರೇ ಹೊಸದು ಹಾಕ್ಬೇಕು ಅಂತಿದಾರೆ. ಹಾಕ್ಸೋದಾ? ದಿನಾ ಇಳಿಜಾರಲ್ಲಿ ನಿಲ್ಸಿ ತಳ್ಳಿ ಸ್ಟಾರ್ಟ್ ಮಾಡ್ತಿದೀವಿ. ಬಾನೆಟ್ ಒಳಗಿನ ಫೋಟೋ ಕಳಿಸಿದೀನಿ. ಇನ್ನೊಂದು, ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ವೋ ಗೊತ್ತಿಲ್ಲ, ಐದಾರು ಸಲ ಸೆಲ್ಫ್ ಹೊಡೆದ ಮೇಲೆ ಚೋಕ್ ನಾಬ್ ಮುಟ್ಟಿದ್ರೆ ಬಿಸಿ ಇರುತ್ತೆ.

ಉತ್ತರ: ಮಾರಾಯ್ರೆ, ಸಂಬಂಧ ಇದೆಯೋ ಇಲ್ವೋ ಅಂತ ಕೊನೇಲಿ ಸೇರಿಸಿದೀರಲ್ಲ ಆ ಒಂದು ಸಾಲು, ಅದನ್ನ ಮೊದಲು ಬರೆದಿದ್ರೆ ನಾನು ಉಳಿದದ್ದು ಓದೋ ಅಗತ್ಯನೇ ಇರ್ಲಿಲ್ಲ. ಚೋಕ್ ನಾಬ್ ಯಾಕ್ರೀ ಬಿಸಿ ಆಗ್ಬೇಕು? ಅದು ಬರೀ ಒಂದು ಕಬ್ಬಿಣದ ವೈರು, ಕಾರ್ಬೊರೇಟರಿಂದ ಡ್ಯಾಶ್‌ಬೋರ್ಡಿಗೆ ಬಂದಿರುತ್ತೆ, ಅದರಲ್ಲಿ ಕರೆಂಟ್ ಹರಿಯೋ ಕೆಲಸನೇ ಇಲ್ಲ. ಹರೀತಿದೆ ಅಂದ್ರೆ ಸೆಲ್ಫಿನ ಕರೆಂಟಿಗೆ ವಾಪಸ್ ಹೋಗೋಕೆ ಸರಿಯಾದ ದಾರಿ ಇಲ್ಲ, ಸಿಕ್ಕಿದ ಕಾಲುದಾರೀಲಿ ನುಗ್ತಾ ಇದೆ ಅಂತ ಅರ್ಥ. ಹೊಸ ಸೆಲ್ಫ್ ತಗೋಬೇಡಿ. ಕನಿಷ್ಠ ಈ ಉತ್ತರ ಓದಿ ಮುಗಿಸೋ ತನಕ ತಗೋಬೇಡಿ.

ನಾನು ಮೂವತ್ತು ವರ್ಷದಿಂದ ಶಿವಮೊಗ್ಗದಲ್ಲಿ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡ್ತಿರೋನು. ಇಲ್ಲಿ ಸಾಗರ ರೋಡಿನ ಆಟೋ ಕಾಂಪ್ಲೆಕ್ಸ್ ಕಡೆ ಹೋಗಿ ಯಾರನ್ನ ಕೇಳಿದ್ರೂ ಸ್ಟಾರ್ಟರ್ ಅನ್ನಲ್ಲ, ಸೆಲ್ಫ್ ಅಂತಾರೆ, ಹಾಗಾಗಿ ನಾನೂ ಹಂಗೇ ಬರೀತೀನಿ. ಸೆಲ್ಫ್ ಎತ್ತುತ್ತಿಲ್ಲ ಅಂತ ಗಾಡಿ ಬಂದ್ರೆ ಎಲ್ಲರ ಕೈಯೂ ಮೊದಲು ಹೋಗೋದು ಬ್ಯಾಟರಿಗೆ, ಆಮೇಲೆ ಸೆಲ್ಫಿಗೆ. ಎರಡರ ಮಧ್ಯ ಇರೋ ವೈರನ್ನ ಯಾರೂ ನೋಡಲ್ಲ, ಯಾಕಂದ್ರೆ ಅದು ನೋಡೋಕೆ ಚೆನ್ನಾಗೇ ಕಾಣ್ತಿರುತ್ತೆ. ನಾನೂ ಹಂಗೇ ಮಾಡಿದೋನೇ. ಕೆಲಸ ಶುರು ಮಾಡಿದ ಹೊಸದ್ರಲ್ಲಿ ಕೊಪ್ಪದ ಕಡೆಯ ಒಬ್ರು ಪ್ಲಾಂಟರ ಗಾಡಿಯ ಸೆಲ್ಫ್ ಒಳಗೆ ತಿರುಗೋ ಆರ್ಮೇಚರ್ ರಿವೈಂಡ್ ಮಾಡಿಸಿ, ಬುಷ್ ಕಾರ್ಬನ್ ಎಲ್ಲಾ ಹೊಸದು ಹಾಕಿ ಬಿಲ್ ತಗೊಂಡೆ, ಮೂರೇ ದಿನಕ್ಕೆ ಗಾಡಿ ಟೋ ಮಾಡ್ಕೊಂಡು ವಾಪಸ್ ಬಂದ್ರು. ನೋಡಿದ್ರೆ ಅರ್ಥ್ ಪಟ್ಟಿಯ ಬೋಲ್ಟ್ ಬೆರಳಲ್ಲಿ ತಿರುಗಿಸಿದ್ರೆ ತಿರುಗ್ತಿತ್ತು. ಅವ್ರು ಬೈದಿದ್ರೂ ಪರವಾಗಿರ್ಲಿಲ್ಲ, ಏನೂ ಅನ್ನದೆ ಕಾಫಿ ಕುಡ್ಕೊಂಡು ಹೋದ್ರು, ಅದು ಇವತ್ತಿಗೂ ನೆನಪಿದೆ.

ಈಗ ನಿಮ್ಮ ಗಾಡಿ ವಿಷ್ಯಕ್ಕೆ ಬರೋಣ. ಬ್ಯಾಟರಿಯ ಅರ್ಥ್ ವೈರು ಬಾಡಿಗೆ ಹೋಗಿದೆ. ಆದ್ರೆ ಸೆಲ್ಫ್ ಕೂತಿರೋದು ಬಾಡಿ ಮೇಲಲ್ಲ, ಎಂಜಿನ್ ಮೇಲೆ. ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಲ್ಲಿ ಕರೆಂಟ್ ಹೋಗಲ್ಲ. ಹಾಗಾಗಿ ಎಂಜಿನ್ನು ಅಥವಾ ಗೇರ್‌ಬಾಕ್ಸಿಂದ ಬಾಡಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಹಾಕಿರ್ತಾರೆ, ಅದೇ ಅರ್ಥ್ ಪಟ್ಟಿ. ಸೆಲ್ಫ್ ಎಳೆಯೋ ಅಷ್ಟೂ ಕರೆಂಟು ವಾಪಸ್ ಹೋಗೋದು ಅದೊಂದರಲ್ಲೇ. ನೀವು ಪೇಂಟ್ ಮಾಡ್ಸೋಕೆ ಎಂಜಿನ್ ಇಳಿಸಿದಾಗ ಅದನ್ನ ಬಿಚ್ಚಿರ್ತಾರೆ. ಮತ್ತೆ ಕೂರಿಸುವಾಗ ಒಂದೋ ಮರೆತಿದಾರೆ, ಇಲ್ಲಾಂದ್ರೆ ಹೊಸ ಪೇಂಟಿನ ಮೇಲೇ ಬೋಲ್ಟ್ ಬಿಗಿ ಮಾಡಿದಾರೆ. ನನ್ನ ಲೆಕ್ಕದಲ್ಲಿ ಎರಡನೇದು, ಯಾಕಂದ್ರೆ ನಿಮ್ಮ ಗಾಡಿ ಒಮ್ಮೊಮ್ಮೆಯಾದ್ರೂ ತಿರುಗುತ್ತೆ ಅಂದ್ರಿ, ಮತ್ತೆ ಬೇಸಿಗೇಲಿ ತೊಂದರೆ ಇರ್ಲಿಲ್ಲ ಅಂದ್ರಿ. ಬೋಲ್ಟಿನ ಥ್ರೆಡ್ಡಲ್ಲಿ ಅಲ್ಪ ಸ್ವಲ್ಪ ಲೋಹಕ್ಕೆ ಲೋಹ ತಾಗಿಕೊಂಡು ನಡೀತಿತ್ತು, ಆರಿದ್ರಾ ಮಳೆ ಹಿಡಿದ ಮೇಲೆ ಅಲ್ಲಿಗೆ ತೇವ ಸೇರಿ ತುಕ್ಕು ಕೂತಿದೆ. ನಮ್ಮ ಕಡೆ ಮಳೆಗಾಲದಲ್ಲಿ ಪೆಟ್ಟಿಗೆ ಒಳಗಿಟ್ಟ ಚರ್ಮದ ಚಪ್ಪಲಿಗೇ ಬೂಸ್ಟು ಬರುತ್ತೆ, ಇನ್ನು ಕೊಟ್ಟಿಗೆ ಪಕ್ಕ ಶೆಡ್ಡಲ್ಲಿ ನಿಂತ ಗಾಡಿ ಕೇಳ್ಬೇಕಾ.

ಅಷ್ಟು ಸಣ್ಣ ತುಕ್ಕಿಗೆ ಇಷ್ಟೆಲ್ಲಾ ಆಗುತ್ತಾ ಅಂತ ಅನ್ಸಬಹುದು. ಲೆಕ್ಕ ಹಾಕಿ ನೋಡಿ. 1489 ಸಿಸಿ ಎಂಜಿನ್ ತಿರುಗಿಸೋಕೆ ಸೆಲ್ಫ್ ಸುಮಾರು 150 ಆಂಪಿಯರ್ ಎಳೆಯುತ್ತೆ ಅಂತ ಇಟ್ಕೊಳ್ಳಿ, ತಣ್ಣಗಿನ ಬೆಳಗ್ಗೆ ದಪ್ಪ ಆಯಿಲ್ ಇದ್ರೆ ಇನ್ನೂ ಜಾಸ್ತಿ. ದಾರೀಲಿ ಎಲ್ಲೋ ಒಂದು ಜಾಯಿಂಟಲ್ಲಿ 0.01 ಓಮ್ ತಡೆ ಇದೆ ಅಂದ್ರೆ, ನೂರನೇ ಒಂದು ಓಮ್, ನಿಮ್ಮ ಮಲ್ಟಿಮೀಟರಲ್ಲಿ ಓಮ್ ಇಟ್ಟು ಅಳೆದ್ರೆ ಅದು ಸೊನ್ನೆ ಅಂತಲೇ ತೋರಿಸುತ್ತೆ, ಆದ್ರೆ 150 ಆಂಪಿಯರ್ ಹರಿದಾಗ ಅಲ್ಲೇ 1.5 ವೋಲ್ಟ್ ಹೋಯ್ತು. 225 ವ್ಯಾಟ್ ಶಾಖ ಆ ಒಂದು ಬೋಲ್ಟಿನ ಬುಡದಲ್ಲೇ, ಹೆಚ್ಚು ಕಡಿಮೆ ನಾಲ್ಕು 60 ವ್ಯಾಟಿನ ಬಲ್ಬು ಒಟ್ಟಿಗೆ ಉರಿದ ಹಾಗೆ. ಇದಕ್ಕೇ ಹೇಳೋದು, ಸೆಲ್ಫಿನ ವೈರಿಂಗನ್ನ ಓಮ್ ಮೀಟರಲ್ಲೂ ನೋಡ್ಬಾರ್ದು, ಟೆಸ್ಟ್ ಲ್ಯಾಂಪಲ್ಲೂ ನೋಡ್ಬಾರ್ದು. ಟೆಸ್ಟ್ ಲ್ಯಾಂಪಿಗೆ ಬೇಕಾಗಿರೋದು ಎಳ್ಳಷ್ಟು ಕರೆಂಟು, ಕೆಟ್ಟ ಜಾಯಿಂಟಲ್ಲೂ ಚೆನ್ನಾಗೇ ಉರಿಯುತ್ತೆ, ಉರಿದು ನಿಮ್ಮನ್ನ ದಾರಿ ತಪ್ಪಿಸುತ್ತೆ. ಸೆಲ್ಫ್ ಹೊಡೀತಿರೋ ಹೊತ್ತಲ್ಲೇ ವೋಲ್ಟ್ ಎಲ್ಲಿ ಸೋರ್ತಿದೆ ಅಂತ ನೋಡ್ಬೇಕು.

ಅದಕ್ಕೂ ಮುಂಚೆ, ಮೀಟರೇ ಬೇಡದ ಒಂದು ಪರೀಕ್ಷೆ ಇದೆ, ಇವತ್ತು ಸಂಜೆನೇ ಮಾಡಿ. ಜಂಪ್ ಸ್ಟಾರ್ಟ್ ವೈರು ಒಂದು ತಗೊಳ್ಳಿ, ಒಂದು ತುದಿ ಎಂಜಿನ್ನಿನ ಯಾವುದಾದ್ರೂ ಪೇಂಟ್ ಇಲ್ಲದ ಗಟ್ಟಿ ಬೋಲ್ಟಿಗೆ ಕಚ್ಚಿಸಿ, ಇನ್ನೊಂದು ತುದಿ ನೇರ ಬ್ಯಾಟರಿಯ ಅರ್ಥ್ ಟರ್ಮಿನಲ್ಲಿಗೆ. ಫೋಟೋದಲ್ಲಿ ನಿಮ್ಮದು ನೆಗೆಟಿವ್ ಅರ್ಥ್ ಅಂತ ಕಾಣ್ತಿದೆ, ಆದ್ರೂ ವೈರು ಹಿಡ್ಕೊಂಡು ನೋಡಿ ಖಾತ್ರಿ ಮಾಡ್ಕೊಳ್ಳಿ, ಯಾಕಂದ್ರೆ ಮಾರಿಸ್ ಆಕ್ಸ್‌ಫರ್ಡ್ ಕಾಲದ ಹಳೇ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಬಾಡಿಗೆ ಹಾಕ್ತಿದ್ರು, ಅಂಥ ಗಾಡಿಗೆ ಕಣ್ಣು ಮುಚ್ಕೊಂಡು ಜಂಪ್ ಕೊಟ್ರೆ ಕಥೆ ಮುಗೀತು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಇಟ್ಟು ಕೀ ತಿರುಗಿಸಿ. ಎಂಜಿನ್ ಗರಗರ ಅಂತ ಚುರುಕಾಗಿ ತಿರುಗಿದ್ರೆ ರೋಗ ಸಿಕ್ತು, ಐದು ನಿಮಿಷದ ಕೆಲಸ, ಖರ್ಚು ಸೊನ್ನೆ.

ಇನ್ನು ಮೀಟರ್. ಐನೂರು ರೂಪಾಯಿ ಒಳಗಿನ ಡಿಜಿಟಲ್ ಮಲ್ಟಿಮೀಟರ್ ಸಾಕು, ಡಿಸಿ 20 ವೋಲ್ಟಿಗೆ ಇಟ್ಕೊಳ್ಳಿ. ಎಂಜಿನ್ ಹಿಡ್ಕೊಂಡು ಬಿಡಬಾರ್ದು, ಹಾಗಾಗಿ ಇಗ್ನಿಷನ್ ಕಾಯಿಲಿಗೆ ಬರೋ ಸಣ್ಣ ವೈರು ಬಿಚ್ಚಿ ಟೇಪ್ ಸುತ್ತಿ ಪಕ್ಕಕ್ಕೆ ಇಡಿ. ಮೊದಲು ರಾತ್ರಿ ಪೂರ್ತಿ ನಿಂತ ಬ್ಯಾಟರಿ ನೋಡಿ, 12.6 ವೋಲ್ಟ್ ಇದ್ರೆ ಫುಲ್ಲು, 12.2 ಅಂದ್ರೆ ಅರ್ಧ, 12ರ ಕೆಳಗೆ ಹೋಗಿದ್ರೆ ಮೊದಲು ಚಾರ್ಜಿಗೆ ಹಾಕಿ ಆಮೇಲೆ ಬೇರೆ ಮಾತು. ಆಮೇಲೆ ಇನ್ನೊಬ್ರಿಗೆ ಸೆಲ್ಫ್ ಹೊಡೆಯೋಕೆ ಹೇಳಿ ಬ್ಯಾಟರಿ ಮೇಲೆ ನೋಡಿ, 10ರ ಹತ್ರ ನಿಂತ್ರೆ ಬ್ಯಾಟರಿ ಗಟ್ಟಿ ಇದೆ, 9.6ರ ಕೆಳಗೆ ಬಿದ್ರೆ ಒಂದೋ ಬ್ಯಾಟರಿ ಸೋತಿದೆ ಇಲ್ಲಾಂದ್ರೆ ಸೆಲ್ಫ್ ಜಾಸ್ತಿ ಎಳೀತಿದೆ. ಮೀಟರಿನ ಮುಳ್ಳು ಬ್ಯಾಟರಿಯ ಸೀಸದ ಗೂಟದ ನಡುವಿಗೇ ಇಡ್ಬೇಕು, ವೈರಿನ ಕ್ಲಾಂಪಿಗಲ್ಲ, ಯಾಕಂದ್ರೆ ಗೂಟಕ್ಕೂ ಕ್ಲಾಂಪಿಗೂ ಮಧ್ಯ ಕೂತಿರೋ ಬೂದಿನೇ ಎಷ್ಟೋ ಸಲ ಕಳ್ಳ.

ನಿಮಗೆ ಮುಖ್ಯ ಆಗಿರೋದು ಇದರ ಮುಂದಿನದು. ಮೀಟರಿನ ಒಂದು ಮುಳ್ಳು ಬ್ಯಾಟರಿ ನೆಗೆಟಿವ್ ಗೂಟಕ್ಕೆ, ಇನ್ನೊಂದು ಸೆಲ್ಫ್ ಮೋಟಾರಿನ ಮೈಗೆ, ಮೈ ಅಂದ್ರೆ ಕೆರೆದು ಹೊಳೆಯೋ ಜಾಗಕ್ಕೆ. ಸೆಲ್ಫ್ ಹೊಡೀರಿ. ಎರಡೂ ಅರ್ಥೇ ತಾನೇ, ಸೊನ್ನೆ ಬರ್ಬೇಕು. 0.3 ವೋಲ್ಟ್ ತನಕ ಬಂದ್ರೆ ಕ್ಷಮಿಸಬಹುದು. ನಿಮ್ಮದ್ರಲ್ಲಿ 3 ವೋಲ್ಟ್, 5 ವೋಲ್ಟ್ ಅಥವಾ ಅದಕ್ಕೂ ಮೇಲೆ ಬಂದ್ರೆ ನಂಗೆ ಆಶ್ಚರ್ಯ ಆಗಲ್ಲ. ಹಾಗೇ ಪಾಸಿಟಿವ್ ಗೂಟದಿಂದ ಸೆಲ್ಫಿನ ದೊಡ್ಡ ಟರ್ಮಿನಲ್ಲಿಗೂ ನೋಡಿ, ಸೊಲೆನಾಯ್ಡ್ (ಕೀ ತಿರುಗಿಸಿದಾಗ ಟಕ್ ಅಂತ ಸೆಲ್ಫಿಗೆ ಕರೆಂಟ್ ಸೇರಿಸೋ ಸ್ವಿಚ್ಚು) ಸೇರಿಸಿ 0.5 ವೋಲ್ಟ್ ಒಳಗಿರ್ಬೇಕು. ಒಂದು ಸಲಕ್ಕೆ ಹತ್ತು ಸೆಕೆಂಡಿನ ಮೇಲೆ ಸೆಲ್ಫ್ ಹೊಡೀಬೇಡಿ, ಮಧ್ಯ ಒಂದು ನಿಮಿಷ ಬಿಡಿ.

ಹೆಡ್‌ಲೈಟ್ ಹಾಕ್ಕೊಂಡು ಸೆಲ್ಫ್ ಹೊಡೆದು ನೋಡೋದು ಹಳೇ ಡ್ರೈವರುಗಳ ಪರೀಕ್ಷೆ, ಅದೂ ಸುಳ್ಳಲ್ಲ. ಲೈಟು ಪೂರ್ತಿ ಸತ್ತೇ ಹೋದ್ರೆ ಬ್ಯಾಟರಿ ಅಥವಾ ಟರ್ಮಿನಲ್ಲು, ತುಂಬಾ ಮಂಕಾದ್ರೆ ಬ್ಯಾಟರಿ ಇಳಿದಿದೆ ಇಲ್ಲಾ ಸೆಲ್ಫು ಎಲ್ಲೋ ಹಿಡ್ಕೊಂಡಿದೆ, ಲೈಟಿಗೆ ಏನೂ ಆಗದೆ ಬರೀ ಟಕ್ ಅಂದ್ರೆ ಸೆಲ್ಫಿಗೆ ಕರೆಂಟೇ ಹೋಗ್ತಿಲ್ಲ. ಲೈಟಿನ ಅರ್ಥ್ ಬಾಡಿಗಿದೆ, ಸೆಲ್ಫಿನ ಅರ್ಥ್ ಎಂಜಿನ್ನಿಗಿದೆ, ಅದಕ್ಕೇ ನಿಮ್ಮಲ್ಲಿ ಲೈಟು ಚೆನ್ನಾಗಿ ಉರಿದು ಸೆಲ್ಫ್ ಮಾತ್ರ ಸುಮ್ನಿದ್ರೆ ಅದೂ ಅರ್ಥ್ ಪಟ್ಟಿಯ ಕಡೆಗೇ ಬೆರಳು ತೋರಿಸುತ್ತೆ.

ರಿಪೇರಿ ಹೇಗೆ ಅಂದ್ರೆ, ಬ್ಯಾಟರಿಯ ಅರ್ಥ್ ಮೊದಲು ಬಿಚ್ಚಿ, ಹಾಕುವಾಗ ಅದನ್ನೇ ಕೊನೇಲಿ ಹಾಕಿ, ಇದೊಂದು ತಪ್ಪಬೇಡಿ, ಸ್ಪ್ಯಾನರ್ ಬಾಡಿಗೆ ತಾಗಿ ಕೈಯಲ್ಲಿದ್ದ ಉಂಗುರ ಕಾದು ಬೆರಳು ಸುಟ್ಕೊಂಡೋರನ್ನ ಕಣ್ಣಾರೆ ನೋಡಿದೀನಿ. ಗಾಡಿ ಕೆಳಗೆ ಹೋಗಿ ಗೇರ್‌ಬಾಕ್ಸ್ ಮತ್ತು ಎಂಜಿನ್ ಸುತ್ತ ಪಟ್ಟಿ ಹುಡುಕಿ. ಇದ್ರೆ ಎರಡೂ ತುದಿ ಬಿಚ್ಚಿ, ಬಾಡಿ ಕಡೆ ಒಂದು ರೂಪಾಯಿ ಅಗಲ ಪೇಂಟ್ ಕೆರೆದು ಬಿಳಿ ಕಬ್ಬಿಣ ಕಾಣೋ ಹಾಗೆ ಮಾಡಿ, ಹಲ್ಲಿರೋ ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿ, ಬಿಗಿ ಆದ ಮೇಲೆ ಮೇಲಿಂದ ವ್ಯಾಸಲಿನ್ ಬಳೀರಿ. ಹೊಸ ಪೇಂಟು ಕೆರೆಯೋಕೆ ಹೊಟ್ಟೆ ಉರಿಯುತ್ತೆ ಗೊತ್ತು, ಆದ್ರೆ ಅದು ಯಾರಿಗೂ ಕಾಣಲ್ಲ. ಪಟ್ಟಿ ಹಸಿರು ತಿರುಗಿ ಎಳೆ ಎಳೆ ಕಿತ್ತಿದ್ರೆ ಎಸೆದು 25 ಅಥವಾ 35 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್ ಒಂದು ಮೊಳ ತಗೊಂಡು ಎರಡೂ ಕಡೆ ಲಗ್ ಪ್ರೆಸ್ ಮಾಡಿಸಿ ಹಾಕಿ. ಅಂಗಡೀಲಿ ರೆಡಿ ಸಿಗೋ ಅಗ್ಗದ ಬ್ಯಾಟರಿ ವೈರು ತಗೋಬೇಡಿ, ಮೇಲೆ ಹಾವಿನಷ್ಟು ದಪ್ಪ ರಬ್ಬರು, ಒಳಗೆ ಕೊಯ್ದು ನೋಡಿದ್ರೆ ಪೆನ್ಸಿಲ್ ಕಡ್ಡಿಯಷ್ಟು ತಾಮ್ರ, ಅದೂ ಒಮ್ಮೊಮ್ಮೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಬ್ಯಾಟರಿ ಗೂಟದ ಮೇಲಿನ ಬಿಳಿ ನೀಲಿ ಬೂದಿಗೆ ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳೆದ್ರೆ ಬುಸುಬುಸು ಅಂತ ಬಿಟ್ಕೊಳ್ಳುತ್ತೆ, ಸೋಡ ನೀರು ಬ್ಯಾಟರಿ ಮುಚ್ಚಳದ ಒಳಗೆ ಹೋಗಬಾರ್ದು ಅಷ್ಟೇ.

ಪೇಂಟಿನ ಇನ್ನೊಂದು ಉಪದ್ರ ಸೊಲೆನಾಯ್ಡಿಗೆ. ಫೋಟೋದಲ್ಲಿ ನಿಮ್ಮ ಸೊಲೆನಾಯ್ಡ್ ಸೆಲ್ಫ್ ಮೇಲಿಲ್ಲ, ಬಾಡಿಗೆ ಬೇರೆ ಕೂರಿಸಿದೆ. ಇಂಥ ಹಳೇ ಲೂಕಾಸ್ ಮಾದರಿ ಸೊಲೆನಾಯ್ಡಿನ ಒಳಗಿನ ಕಾಯಿಲಿಗೆ ಅರ್ಥ್ ಬರೋದೇ ಅದನ್ನ ಕೂರಿಸಿದ ಎರಡು ಸ್ಕ್ರೂವಿನಿಂದ. ಅಲ್ಲೂ ಪೇಂಟ್ ಹೊಡೆದಿದ್ರೆ ಟಕ್ ಅನ್ನೋದೂ ಇಲ್ಲ, ಇಲ್ಲಾ ಟಿಕ್ ಟಿಕ್ ಅಂತ ಸಣ್ಣಗೆ ಬಡ್ಕೊಳ್ಳುತ್ತೆ. ನಿಮ್ಮದು ಗಟ್ಟಿಯಾಗಿ ಟಕ್ ಅಂತಿದೆ ಅಂದ್ರೆ ಸದ್ಯಕ್ಕೆ ಸರಿ ಇದೆ, ಆದ್ರೂ ಹೇಗೂ ಕೈ ಹಾಕಿದೀರಲ್ಲ, ಆ ಸ್ಕ್ರೂ ಬುಡನೂ ಕೆರೆದುಬಿಡಿ. ಟಕ್ ಅಂದ ಮಾತ್ರಕ್ಕೆ ಒಳಗಿನ ತಾಮ್ರದ ಬಿಲ್ಲೆ ಸರಿ ಇದೆ ಅಂತಲೂ ಅಲ್ಲ, ಅದು ಸುಟ್ಟು ಕಪ್ಪಾಗಿದ್ರೂ ಟಕ್ ಅನ್ನುತ್ತೆ, ಕರೆಂಟ್ ಮಾತ್ರ ದಾಟಲ್ಲ. ಅದರ ಎರಡು ದೊಡ್ಡ ಬೋಲ್ಟಿನ ಮಧ್ಯ ಮೀಟರ್ ಇಟ್ಟು ಸೆಲ್ಫ್ ಹೊಡೆದಾಗ 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಸೊಲೆನಾಯ್ಡ್ ಬದಲಾಯಿಸಿ. ದಪ್ಪ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡಿ ನೋಡೋದನ್ನ ನಾವೆಲ್ಲ ಮಾಡ್ತೀವಿ, ಕಿಡಿ ಹಾರುತ್ತೆ, ಪಕ್ಕದಲ್ಲಿ ಕಾರ್ಬೊರೇಟರಿಂದ ಪೆಟ್ರೋಲ್ ಒಸರ್ತಿರೋ ಹಳೇ ಗಾಡೀಲಿ ನೀವು ಮಾಡ್ಬೇಡಿ.

ಈಗ ಆ ‘ಸೊಂಯ್’ ಶಬ್ದ. ಅದು ಬೇರೆ ರೋಗ, ಮತ್ತೆ ಅದು ಬಂದಿರೋದು ಗ್ರೀಸ್ ಹಾಕಿದ ಮೇಲೆ ಅಂತ ನನ್ನ ಅನುಮಾನ, ಹೌದೋ ಅಲ್ವೋ ನೆನಪು ಮಾಡ್ಕೊಳ್ಳಿ. ಸೊಲೆನಾಯ್ಡ್ ಬೇರೆ ಕೂತಿರೋ ಈ ಹಳೇ ಸೆಲ್ಫಲ್ಲಿ ಬೆಂಡಿಕ್ಸ್ ಹಲ್ಲನ್ನ, ಅಂದ್ರೆ ಸೆಲ್ಫಿನ ಸಣ್ಣ ಹಲ್ಲಿನ ಚಕ್ರನ, ಎಂಜಿನ್ನಿನ ಫ್ಲೈವೀಲ್ ಅನ್ನೋ ದೊಡ್ಡ ಚಕ್ರದ ಕಡೆ ತಳ್ಳೋಕೆ ಯಾವ ಫೋರ್ಕೂ ಇಲ್ಲ. ಮೋಟಾರಿನ ಶಾಫ್ಟ್ ಮೇಲೆ ಸ್ಕ್ರೂ ತರ ಓರೆ ಥ್ರೆಡ್ ಇರುತ್ತೆ, ಬೆಂಡಿಕ್ಸ್ ಅದರ ಮೇಲೆ ಸಡಿಲವಾಗಿ ಕೂತಿರುತ್ತೆ. ಶಾಫ್ಟ್ ಗಕ್ಕನೆ ತಿರುಗಿದಾಗ ಬೆಂಡಿಕ್ಸ್ ತನ್ನ ಭಾರಕ್ಕೆ ಹಿಂದೆ ಉಳಿಯುತ್ತೆ, ಬೋಲ್ಟ್ ತಿರುಗಿಸಿದ್ರೆ ನಟ್ಟು ಜಾರಿಕೊಂಡು ಮುಂದೆ ಹೋಗುತ್ತಲ್ಲ ಹಾಗೆ ಜಾರಿ ಹೋಗಿ ಫ್ಲೈವೀಲ್ ರಿಂಗಿಗೆ ಕಚ್ಕೊಳ್ಳುತ್ತೆ, ಎಂಜಿನ್ ಹಿಡಿದು ಜೋರಾದ ಕೂಡ್ಲೇ ವಾಪಸ್ ಎಸೆಯಲ್ಪಡುತ್ತೆ. ಪೂರ್ತಿ ಆಟ ನಿಂತಿರೋದು ಅದು ಸಲೀಸಾಗಿ ಜಾರೋದ್ರ ಮೇಲೆ. ಅಲ್ಲಿಗೆ ಗ್ರೀಸ್ ಬಳಿದ್ರೆ ಮೊದಲ ವಾರ ಬೆಣ್ಣೆ ತರ ಕೆಲಸ ಮಾಡುತ್ತೆ, ಆಮೇಲೆ ಕ್ಲಚ್ ಪ್ಲೇಟಿನ ಪುಡಿ ಬಂದು ಅಂಟ್ಕೊಂಡು ಅಂಟಿನುಂಡೆ ತರ ಆಗುತ್ತೆ. ಬೆಂಡಿಕ್ಸ್ ಶಾಫ್ಟಿನ ಜೊತೆಗೇ ತಿರುಗುತ್ತೆ, ಮುಂದೆ ಮಾತ್ರ ಹೋಗಲ್ಲ, ಸೊಂಯ್. ಗ್ರೀಸ್ ಹಾಕಿದೋರು ಕೆಟ್ಟದ್ದು ಮಾಡ್ಬೇಕು ಅಂತ ಮಾಡಿದ್ದಲ್ಲ, ಈಗಿನ ಗಾಡಿಗಳ ಅಭ್ಯಾಸ ಅವರಿಗೆ. ಸೆಲ್ಫ್ ಇಳಿಸಿ, ಬೆಂಡಿಕ್ಸನ್ನ ಪೆಟ್ರೋಲೋ ಸೀಮೆಎಣ್ಣೆಯೋ ಹಾಕಿ ಬ್ರಷ್ಷಲ್ಲಿ ಉಜ್ಜಿ, ಬಿಸಿಲಿಲ್ಲದಿದ್ರೆ ಗಾಳಿ ಹೊಡೆದು ಒಣಗಿಸಿ, ಒಣಗಿದ ಹಾಗೇ ಕೂರಿಸಿ. ಕೈಯಲ್ಲಿ ತಿರುಗಿಸಿ ಬಿಟ್ರೆ ಸ್ಪ್ರಿಂಗಿಗೆ ತಾನೇ ಹಿಂದೆ ಬರ್ಬೇಕು. ಏನಾದ್ರೂ ಹಾಕ್ಲೇಬೇಕು ಅಂತ ಕೈ ತುರಿಸಿದ್ರೆ ಪೆನ್ಸಿಲಿನ ಸೀಸದ ಪುಡಿ ಚಿಟಿಕೆ, ಅಷ್ಟೇ.

ಅರ್ಥ್ ಕೆಟ್ಟಿದ್ದಕ್ಕೂ ಇದಕ್ಕೂ ಒಂದು ನಂಟಿದೆ, ಮೋಟಾರ್ ಗಕ್ಕನೆ ತಿರುಗದಿದ್ರೆ ಬೆಂಡಿಕ್ಸ್ ಜಾರಲ್ಲ. ವೋಲ್ಟ್ ಕಮ್ಮಿಯಾಗಿ ಮೋಟಾರ್ ನಿಧಾನ ಎದ್ರೂ ಸೊಂಯ್ ಅನ್ನಬಹುದು. ಹಾಗಾಗಿ ಮೊದಲು ಅರ್ಥ್ ಸರಿ ಮಾಡಿ ಎರಡು ದಿನ ನೋಡಿ, ಆಗ್ಲೂ ಸೊಂಯ್ ಅಂದ್ರೆ ಮಾತ್ರ ಸೆಲ್ಫ್ ಇಳಿಸಿ.

ಇಳಿಸೋದಾದ್ರೆ, ಎರಡು ಬೋಲ್ಟು ಒಂದು ದಪ್ಪ ವೈರು ಅಷ್ಟೇ, ಆದ್ರೆ ಭಾರ ಇದೆ, ಕೆಳಗೆ ಮಲಗಿ ಬಿಚ್ಚಿ ಮುಖದ ಮೇಲೆ ಬೀಳಿಸ್ಕೋಬೇಡಿ. ಹೇಗೂ ಇಳಿಸಿದೀರಿ ಅಂದ್ಮೇಲೆ ಕಾರ್ಬನ್ ಬ್ರಷ್ ನೋಡಿ, 8 ಮಿಲಿಮೀಟರಿಗಿಂತ ಸಣ್ಣ ಆಗಿದ್ರೆ ಬದಲಾಯಿಸಿ, ಗೂಡಿನಲ್ಲಿ ಸಲೀಸಾಗಿ ಮೇಲೆ ಕೆಳಗೆ ಆಡ್ತಿರ್ಬೇಕು. ಸೆಲ್ಫಿಗೆ ಮರದ ತುಂಡಲ್ಲಿ ಒಂದು ತಟ್ಟಿದ್ರೆ ಸ್ಟಾರ್ಟ್ ಆಗುತ್ತೆ ಅಂತಾರಲ್ಲ, ಅದು ಬ್ರಷ್ ಗೂಡಲ್ಲಿ ಸಿಕ್ಕಿಹಾಕ್ಕೊಂಡ ಲಕ್ಷಣ, ತಟ್ಟಿ ಮನೆ ಸೇರಬಹುದು, ಅದನ್ನೇ ರಿಪೇರಿ ಅನ್ಕೋಬಾರ್ದು. ಬ್ರಷ್ ತಾಗಿ ತಿರುಗೋ ತಾಮ್ರದ ಭಾಗ, ಅಂದ್ರೆ ಕಮ್ಯುಟೇಟರ್, ಕಪ್ಪಾಗಿದ್ರೆ ನಯವಾದ ಗ್ಲಾಸ್ ಪೇಪರಲ್ಲಿ ಉಜ್ಜಿ, ಎಮರಿ ಬೇಡ, ಎಮರಿ ಪುಡಿ ಸಂದಿಲಿ ಕೂತು ಶಾರ್ಟ್ ಮಾಡುತ್ತೆ. ಮತ್ತೆ ಒಂದು ಮಾತು, ಬ್ಯಾಟರಿ ಚಾರ್ಜ್ ಮಾಡೋ ಡೈನಮೊದ ಆರ್ಮೇಚರಲ್ಲಿ ತಾಮ್ರದ ಪಟ್ಟಿಗಳ ಮಧ್ಯದ ಮೈಕಾನ ಬ್ಲೇಡಲ್ಲಿ ತಗ್ಗು ಮಾಡ್ತಾರೆ, ಅದೇ ಅಭ್ಯಾಸದಲ್ಲಿ ಸೆಲ್ಫಿಗೂ ಮಾಡೋಕೆ ಹೋಗ್ತಾರೆ. ಈ ಲೂಕಾಸ್ ಸೆಲ್ಫಿಗೆ ಹಾಗೆ ಮಾಡ್ಬಾರ್ದು. ತುದಿಯ ಕಂಚಿನ ಬುಷ್ ಸವೆದಿದ್ರೆ ಆರ್ಮೇಚರ್ ಓಲಾಡಿ ಸುತ್ತಲಿನ ಪೋಲ್ ಶೂಗೆ ಉಜ್ಜುತ್ತೆ, ಉಜ್ಜಿದ ಗುರುತು ಹೊಳೆಯೋ ಗೆರೆಯಾಗಿ ಕಾಣುತ್ತೆ, ಬಿಸಿ ಆದಾಗ ಇನ್ನೂ ಜಾಸ್ತಿ ಹಿಡಿಯುತ್ತೆ. ಹೊಸ ಬುಷ್ಷನ್ನ ಹಾಕೋ ಮುಂಚೆ ಒಂದು ದಿನ ಪೂರ್ತಿ ಎಂಜಿನ್ ಆಯಿಲಲ್ಲಿ ನೆನೆಹಾಕ್ಬೇಕು, ಅದು ಆಯಿಲ್ ಕುಡಿಯೋ ಜಾತಿ ಕಂಚು, ಒಣದು ಬಡಿದ್ರೆ ಬೇಗ ಸವೆಯುತ್ತೆ.

ಸೆಲ್ಫ್ ತೆಗೆದ ತೂತಿನಿಂದ ಟಾರ್ಚ್ ಹಾಕಿ ಫ್ಲೈವೀಲ್ ರಿಂಗ್ ನೋಡೋದು ಮರೀಬೇಡಿ, ಇದು ನಂಗೆ ಇಷ್ಟವಾದ ವಿಷ್ಯ. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಮಾಡಿದಾಗ ಎಲ್ಲೆಂದ್ರಲ್ಲಿ ನಿಲ್ಲಲ್ಲ, ಕಂಪ್ರೆಷನ್ ತಳ್ಳೋದ್ರಿಂದ ಹೆಚ್ಚುಕಮ್ಮಿ ಎರಡೇ ಜಾಗದಲ್ಲಿ ನಿಲ್ಲುತ್ತೆ, ಒಂದಕ್ಕೊಂದು ಎದುರಾಬದುರಾ. ನಲವತ್ತು ವರ್ಷ ಬೆಂಡಿಕ್ಸ್ ಬಂದು ಬಡಿದಿರೋದು ಆ ಎರಡು ಜಾಗದ ಹಲ್ಲಿಗೇ, ಉಳಿದ ಹಲ್ಲೆಲ್ಲಾ ಕಾರ್ಖಾನೆಯಿಂದ ಬಂದ ಹಾಗೇ ಇರುತ್ತೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಮುಂದಿನ ಹ್ಯಾಂಡಲ್ ಹಾಕಿ ಎಂಜಿನ್ನನ್ನ ಮೆಲ್ಲಗೆ ಒಂದು ಸುತ್ತು ತಿರುಗಿಸಿ ಎಲ್ಲಾ ಹಲ್ಲೂ ನೋಡಿ. ಹಲ್ಲಿನ ತುದಿ ಮೊಂಡಾಗಿದ್ರೆ ಬೆಂಡಿಕ್ಸ್ ಕಚ್ಚದೆ ಕರಕರ ಅಂತ ಅರೆಯುತ್ತೆ, ಗಾಡೀನ ಗೇರಲ್ಲಿ ಹಾಕಿ ಒಂಚೂರು ಮುಂದೆ ತಳ್ಳಿದ ಮೇಲೆ ಸಲೀಸಾಗಿ ಸ್ಟಾರ್ಟ್ ಆಗುತ್ತೆ. ಕರಕರ ಇದ್ರೆ ಮಾತ್ರ ರಿಂಗಿನ ಚಿಂತೆ ಮಾಡಿ, ಯಾಕಂದ್ರೆ ಅದಕ್ಕೆ ಗೇರ್‌ಬಾಕ್ಸ್ ಇಳಿಸ್ಬೇಕು. ಕೆಲವೊಮ್ಮೆ ಬೆಂಡಿಕ್ಸ್ ರಿಂಗಿಗೆ ಕಚ್ಕೊಂಡು ಬಿಡೋದೇ ಇಲ್ಲ, ಆಗ ಕೀ ಆಫ್ ಮಾಡಿ, ಟಾಪ್ ಗೇರಲ್ಲಿಟ್ಟು ಗಾಡೀನ ಹಿಂದೆ ಮುಂದೆ ಅಲ್ಲಾಡಿಸಿ, ಬಿಟ್ಕೊಳ್ಳುತ್ತೆ. ಈ ಸೆಲ್ಫಿನ ಹಿಂದಿನ ತುದೀಲಿ ಒಂದು ಸಣ್ಣ ಮುಚ್ಚಳದ ಒಳಗೆ ಶಾಫ್ಟನ್ನ ಚೌಕ ಮಾಡಿ ಬಿಟ್ಟಿರ್ತಾರೆ, ಅದಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಿದ್ರೂ ಬಿಡುತ್ತೆ. ಆ ಚೌಕ ಯಾಕಿದೆ ಅಂತ ಈಗಿನ ಹುಡುಗರಿಗೆ ಯಾರೂ ಹೇಳ್ಕೊಟ್ಟಿಲ್ಲ.

ಹ್ಯಾಂಡಲ್ ಅಂದ ಕೂಡ್ಲೇ ಇದನ್ನ ಹೇಳ್ಲೇಬೇಕು. ಹ್ಯಾಂಡಲ್ ಹೊಡೆದೇ ಸ್ಟಾರ್ಟ್ ಮಾಡೋಣ ಅಂತ ನೀವು ಹೊರಡ್ತೀರಿ, ಆ ಗಾಡಿಗೆ ಆ ಅನುಕೂಲ ಇದೆ, ತಪ್ಪಿಲ್ಲ. ಆದ್ರೆ ಹೆಬ್ಬೆರಳನ್ನ ಹ್ಯಾಂಡಲ್ ಸುತ್ತ ಸುತ್ತಬೇಡಿ, ಉಳಿದ ಬೆರಳಿನ ಜೊತೆಗೇ ಇಡಿ, ಕೆಳಗಿಂದ ಮೇಲಕ್ಕೆ ಎಳೀರಿ, ಮೇಲಿಂದ ಕೆಳಕ್ಕೆ ಒತ್ತಬೇಡಿ. ಎಂಜಿನ್ ಹಿಂದಕ್ಕೆ ಒದ್ರೆ ಹ್ಯಾಂಡಲ್ ಬೆರಳಿಂದ ಜಾರಿ ಹೋಗ್ಬೇಕು. ನಮ್ಮ ದೊಡ್ಡಪ್ಪನ ಮಣಿಕಟ್ಟು ಮುರಿದದ್ದು ಹೀಗೇ, ಅಡಿಕೆ ಕೊಯ್ಲಿನ ಟೈಮಲ್ಲಿ, ಆ ವರ್ಷ ಪೂರ್ತಿ ಎಡಗೈಯಲ್ಲೇ ಊಟ. ಹಾಗೆ ಒದೀತಿದೆ ಅಂದ್ರೆ ಡೆಲ್ಕೊ (ಪ್ಲಗ್ಗುಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್) ಟೈಮಿಂಗ್ ತುಂಬಾ ಅಡ್ವಾನ್ಸ್ ಇದೆ, ಕಿಡಿ ಬೇಗ ಬರ್ತಿದೆ ಅಂತ ಅರ್ಥ, ಮತ್ತೆ ಅದೇ ಟೈಮಿಂಗು ಬಿಸಿ ಎಂಜಿನ್ನಲ್ಲಿ ಸೆಲ್ಫನ್ನೂ ಗಕ್ ಅಂತ ನಿಲ್ಸುತ್ತೆ. ಎಂಜಿನ್ ಇಳಿಸಿ ಏರಿಸಿದ ಗಾಡಿ ನಿಮ್ಮದು, ಡೆಲ್ಕೊ ಅಲ್ಲಾಡಿರಬಹುದು. ಕಾಯಿಲ್ ವೈರು ಬಿಚ್ಚಿದಾಗ ಸೆಲ್ಫ್ ಚುರುಕು, ವೈರು ಹಾಕಿದ ಕೂಡ್ಲೇ ಒದ್ದಾಟ ಅಂದ್ರೆ ಟೈಮಿಂಗ್ ನೋಡಿಸಿ.

ಇಷ್ಟೆಲ್ಲಾ ಸರಿ ಮಾಡಿದ ಮೇಲೂ ಪುನರ್ವಸು ಮಳೇಲಿ ಬ್ಯಾಟರಿ ಇಳೀತಾ ಬಂದ್ರೆ ಸೆಲ್ಫನ್ನ ಬೈಬೇಡಿ. ಫೋಟೋದಲ್ಲಿ ನಿಮ್ಮ ಗಾಡಿಗೆ ಇನ್ನೂ ಡೈನಮೊನೇ ಇದೆ. ಡೈನಮೊ ಐಡ್ಲಿಂಗಲ್ಲಿ ಚಾರ್ಜೇ ಕೊಡಲ್ಲ, ಓಡುವಾಗ ಕೊಡೋದೂ ಇಪ್ಪತ್ತು ಆಂಪಿಯರಿನ ಆಸುಪಾಸು. ಮಳೇಲಿ ಹೆಡ್‌ಲೈಟ್, ವೈಪರ್ ಹಾಕ್ಕೊಂಡು ಮನೆಯಿಂದ ಪೇಟೆಗೆ ಸೆಕೆಂಡ್ ಗೇರಲ್ಲಿ ಐದಾರು ಕಿಲೋಮೀಟರ್ ಬಂದು ಮತ್ತೆ ಸೆಲ್ಫ್ ಹೊಡೆದ್ರೆ ಬ್ಯಾಟರಿಗೆ ಜಮಾ ಕಮ್ಮಿ, ಖರ್ಚೇ ಜಾಸ್ತಿ. ವಾರಕ್ಕೊಂದು ಸಲ ಶೆಡ್ಡಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡ್ತಾರಲ್ಲ, ಅದರಿಂದ ಬ್ಯಾಟರಿಗೆ ಕೆಟ್ಟದ್ದೇ ಹೊರತು ಒಳ್ಳೇದಿಲ್ಲ. ನಿಲ್ಸಿದಾಗ ಅರ್ಥ್ ಬಿಚ್ಚಿಡಿ, ಹದಿನೈದು ದಿನಕ್ಕೊಮ್ಮೆ ಸಣ್ಣ ಚಾರ್ಜರ್ ಹಾಕಿ, ಇಲ್ಲಾಂದ್ರೆ ಶಿವಮೊಗ್ಗ ತನಕ ಒಂದು ಸಲ ಓಡಿಸ್ಕೊಂಡು ಬನ್ನಿ. ಬಿಚ್ಚಿಟ್ಟ ಬ್ಯಾಟರೀನ ನೆಲದ ಮೇಲೆ ಇಟ್ರೆ ಚಾರ್ಜ್ ಇಳಿಯುತ್ತೆ ಅಂತ ಹಲಗೆ ಹುಡುಕೋದೇನೂ ಬೇಡ, ಅದು ಹಳೇ ಕಾಲದ ಡಬ್ಬಿಗಳ ಮಾತು, ಈಗಿನ ಪ್ಲಾಸ್ಟಿಕ್ ಡಬ್ಬಿಗೆ ನೆಲ ಏನೂ ಮಾಡಲ್ಲ. ಶೆಡ್ಡಲ್ಲಿ ಇಲಿ ಇದ್ರೆ ಮಾತ್ರ ವೈರಿಂಗ್ ಮೇಲೆ ಕಣ್ಣಿಡಿ, ಮಳೆಗಾಲದಲ್ಲಿ ಬಾನೆಟ್ ಒಳಗೆ ಬೆಚ್ಚಗಿರುತ್ತೆ ಅಂತ ಅವು ಸಂಸಾರ ಹೂಡ್ತಾವೆ.

ಹೊಸ ಸೆಲ್ಫ್ ಹಾಕ್ಸೋದಾ ಅಂತ ಕೇಳಿದ್ರಿ. ಬೇಡ. ಪಶ್ಚಿಮ ಬಂಗಾಳದ ಉತ್ತರಪಾರ ಕಾರ್ಖಾನೇಲಿ ಅಂಬಾಸಿಡರ್ ತಯಾರಿ ನಿಂತಿದ್ದೇ 2014ರಲ್ಲಿ, ನಿಮ್ಮ ಕಾಲದ ಸೆಲ್ಫ್ ಹೊಸದು ಅಂತ ಕೊಟ್ರೆ ಅದು ಹೆಚ್ಚಾಗಿ ಹಳೇದಕ್ಕೆ ಪೇಂಟ್ ಹೊಡೆದದ್ದೇ. ಅಜ್ಜನ ಕಾಲದ ಆ ಮೋಟಾರಿನ ತಾಮ್ರ ಅದಕ್ಕಿಂತ ಗಟ್ಟಿ ಇರುತ್ತೆ, ಹಳೇದನ್ನ ಯಾರಿಗೂ ಎಕ್ಸ್‌ಚೇಂಜ್ ಕೊಡ್ಬೇಡಿ. ಅರ್ಥ್ ಸರಿಯಾಗಿದೆ ಅಂತ ಮೀಟರಲ್ಲಿ ಖಾತ್ರಿ ಆಗೋ ತನಕ ಪದೇ ಪದೇ ಸೆಲ್ಫ್ ಹೊಡೀಬೇಡಿ, ಚೋಕ್ ವೈರು ಕೆಂಪಗೆ ಕಾದು ಪಕ್ಕದ ವೈರಿಂಗ್ ಸುಟ್ರೆ ಆಮೇಲೆ ಖರ್ಚು ಬೇರೆ ಲೆಕ್ಕದ್ದು. ಅಲ್ಲಿ ತನಕ ಇಳಿಜಾರೇ ಗತಿ, ಸೆಕೆಂಡ್ ಗೇರಲ್ಲಿ ಬಿಡಿ, ಫಸ್ಟಲ್ಲಿ ಬೇಡ, ಹಸಿ ಮಣ್ಣಲ್ಲಿ ಹಿಂದಿನ ಚಕ್ರ ಎಳ್ಕೊಂಡು ಹೋಗುತ್ತೆ. ಜಂಪ್ ವೈರು ಕಚ್ಚಿಸಿ ನೋಡಿದಾಗ ಎಂತ ಆಯ್ತು ಮತ್ತೆ ಗೂಟದಿಂದ ಸೆಲ್ಫ್ ಮೈಗೆ ಎಷ್ಟು ವೋಲ್ಟ್ ಬಂತು, ಇವೆರಡು ಬರೆದು ಕಳಿಸಿ. ಸೆಲ್ಫ್ ಇಳಿಸೋ ಹಾಗಾದ್ರೆ ರಿಂಗಿನ ಹಲ್ಲಿನ ಫೋಟೋನೂ ಒಂದು ತೆಗೀರಿ.